ನಾನಿಲ್ಲದಾಗ ಉಬ್ಬಿದ ಸೇಬಿನ ಕೇಕು

ಕೊಟ್ಟೂರಿನಲ್ಲಿ ಆಗ ಸೇಬು ಅಂದರೆ ಜಡ್ಡಿನವರ ಹಣ್ಣು. ಯಾರದಾದರೂ ಕೈಯಲ್ಲಿ ಸೇಬಿನ ಚೀಲ ಕಂಡರೆ ಎದುರಿಗೆ ಬಂದವರು ನಿಂತು, "ಯಾರಿಗೆ ಆರಾಮಿಲ್ರಿ?" ಅಂತ ಕೇಳುವುದು ರೂಢಿ. ಮಹಾನವಮಿಯಿಂದ ದೀಪಾವಳಿವರೆಗಿನ ದಿನಗಳಲ್ಲಿ ಮಾತ್ರ ಮಾತು ಬೇರೆ. ಆಗ ಉತ್ತರದಿಂದ ಲಾರಿಗಳಲ್ಲಿ ಹೊಸ ಸೇಬು ಬಂದು ಸಂತೆಯ ತಳ್ಳುಗಾಡಿಗಳೆಲ್ಲ ಕೆಂಪಾಗುತ್ತಿದ್ದವು. ಬೆಲೆ ಇಳಿದು ನಮ್ಮಂಥವರ ಕೈಗೂ ಎಟುಕುತ್ತಿತ್ತು. ಅದೂ ಶಿವನ ಕರುಣೆಯೇ ಅಂತ ನಾನು ತಿಳಿದಿದ್ದೆ.

ಕರುಣೆ ಶಿವನದಾದರೂ ಗಾಡಿ ಮನುಷ್ಯನದು. ಹಣ್ಣಿನ ಕೆಂಪು ಮುಖ ಮುಂದೆ ಮಾಡಿ, ಕೊಳೆತ ಬೆನ್ನು ಹಿಂದಿಟ್ಟು ಜೋಡಿಸಿರುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಒಂದೊಂದನ್ನೂ ಎತ್ತಿ, ತಿರುಗಿಸಿ, ತೊಟ್ಟಿನ ಹತ್ತಿರ ಮೂಸಿ, ಉಗುರಿನಿಂದ ಮೇಣ ಕೆರೆದು ನೋಡುತ್ತಿದ್ದೆ. ಗಾಡಿಯವನು ಒಮ್ಮೆ ಬೇಸತ್ತು, "ಅಕ್ಕಾರ, ನೀವು ಹಣ್ಣು ತಗೊಳ್ಳಾಕ ಬಂದೀರೋ, ಸೊಸಿ ನೋಡಾಕ ಬಂದೀರೋ?" ಅಂದ. "ಎರಡೂ ಮನಿಗೆ ಬಂದಮ್ಯಾಲೆ ವಾಪಸ್ ತಗೊಳ್ಳಂಗಿಲ್ಲಲ್ಲ, ಅದಕ್ಕ ನೋಡಬೇಕು" ಅಂದೆ ನಾನು.

ಸಂಶಯ ನನ್ನ ಹುಟ್ಟುಗುಣ. ಹಾಲಿನಾಕೆ ಹಾಲು ಹಾಕಿದರೆ ಬೆರಳು ಅದ್ದಿ ನೋಡುತ್ತೇನೆ. ಕಾಯಿಪಲ್ಲೆಯವಳ ತಕ್ಕಡಿಯ ಕೆಳಗೆ ಕಣ್ಣಾಡಿಸುತ್ತೇನೆ. ಎಷ್ಟೋ ಸಲ ನನ್ನ ಸಂಶಯ ಖರೆಯೇ ಆಗಿದೆ, ಹಾಗಾಗಿ ಅದನ್ನು ಬಿಡಬೇಕು ಅಂತ ಅನ್ನಿಸಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಮಹಾನವಮಿಯ ಸುಮಾರಿಗೆ, ಅದು ನನ್ನನ್ನು ಬಾಜು ಮನೆಯ ಕರಿಬೇವಿನ ಗಿಡದ ಬುಡಕ್ಕೆ ತಂದು ನಿಲ್ಲಿಸಿತು.

ಆ ವರ್ಷ ಶ್ರಾವಣದಲ್ಲಿ ನಮ್ಮತ್ತೆಗೆ ವಿಷಮಜ್ವರ ಬಂದಿತ್ತು. ಜ್ವರ ಇಳಿಯಿತು, ಜೀವ ಉಳಿಯಿತು, ಹೋದ ಹಸಿವು ಮಾತ್ರ ತಿರುಗಿ ಬರಲಿಲ್ಲ. ಬಾಯಲ್ಲಿ ಉಳಿದಿದ್ದುದು ನಾಲ್ಕು ಹಲ್ಲು. ಹೊತ್ತಿಗೆ ಮೂರು ಚಮಚ ಗಂಜಿ ಕುಡಿದು, "ಸಾಕು ಬಿಡವ್ವ" ಅಂತ ಗೋಡೆ ಕಡೆ ಮುಖ ಮಾಡುತ್ತಿದ್ದರು. ಸೀರೆ ಉಟ್ಟರೆ ಎರಡು ನೆರಿಗೆ ಹೆಚ್ಚು ಬರುತ್ತಿತ್ತು. ಡಾಕ್ಟರು, "ಹಿಂಗ ಬಿಟ್ಟರ ಕಷ್ಟ. ಹೆಂಗಾರ ಮಾಡಿ ತಿನ್ನಿಸ್ರಿ. ಸೇಬು ಕೊಡ್ರಿ" ಅಂದಿದ್ದರು. ಹೆಚ್ಚಿ ಕೊಟ್ಟೆ, ತುರಿದು ಕೊಟ್ಟೆ, ಬೇಯಿಸಿ ಸಕ್ಕರೆ ಹಾಕಿ ಕೊಟ್ಟೆ.

"ಜಡ್ಡಿನ ಹಣ್ಣು ತಿಂದರ ಜಡ್ಡು ಹೋಗಂಗಿಲ್ಲ, ಇಲ್ಲೇ ಕುಂತಗೊಂತೈತಿ" ಅಂತ ಅತ್ತೆ ತಟ್ಟೆ ದೂಡಿದರು.

ನಮ್ಮತ್ತೆಯ ನೇಮದ ಬಗ್ಗೆ ಇಲ್ಲಿ ಹೇಳಬೇಕು. ಲಿಂಗಪೂಜೆ ಆಗದೆ ಅವರು ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಏನೇ ತಿನ್ನಲಿ, ಮೊದಲು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅದಕ್ಕೆ ತೋರಿಸಬೇಕು. ತೋರಿಸಿದ ಮೇಲೆ ಅದು ಊಟವಲ್ಲ, ಪ್ರಸಾದ. ಒಂದು ಅಗುಳೂ ಬಿಡದೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದರು. ಬೇಕರಿಯ ತಿನಿಸನ್ನು ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿದವರಲ್ಲ. "ಅದರಾಗ ತತ್ತಿ ಇರತಾವ. ನಾ ತಿನ್ನೋದು ಅತ್ಲಾಗಿರಲಿ, ಲಿಂಗಕ್ಕ ಹೆಂಗ ತೋರಿಸ್ಲಿ?" ಅನ್ನುತ್ತಿದ್ದರು. ತತ್ತಿ ಅಂದರೆ ಕೋಳಿಮೊಟ್ಟೆ. ಆ ಹೆಸರು ಕೂಡ ನಮ್ಮ ಮನೆಯಲ್ಲಿ ಸಣ್ಣ ದನಿಯಲ್ಲೇ ಬರಬೇಕು.

ಬಾಜು ಮನೆಯಲ್ಲಿ ಇದ್ದವರು ಒಂದು ಮುಸ್ಲಿಂ ಕುಟುಂಬ. ಗಂಡ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಹೆಂಡತಿ ನನಗಿಂತ ಐದಾರು ವರ್ಷ ಚಿಕ್ಕವಳು. ಓಣಿಯವರೆಲ್ಲ ಆಕೆಯನ್ನು ಬೂಬಮ್ಮ ಅಂತಲೇ ಕರೆಯುತ್ತಿದ್ದೆವು. ಆಕೆಯ ತಂದೆ ಹೊಸಪೇಟೆಯಲ್ಲಿ ಒಂದು ಬೇಕರಿಯ ಭಟ್ಟಿ ಮುಂದೆ ಜೀವ ಸವೆಸಿದ ಮನುಷ್ಯ. ಅದಕ್ಕೇ ಆಕೆಗೆ ಹಿಟ್ಟಿನ ಕೆಲಸ ಕೈಯಲ್ಲೇ ಇತ್ತು.

ನಡುಗೋಡೆಯ ಆಚೆಯಿಂದ ಆಕೆಯೇ ಒಂದು ದಿನ ಅಂದಳು: "ಅಕ್ಕಾರ, ಅವ್ವಾರಿಗೆ ಸೇಬು ಹಾಕಿ ಕೇಕ್ ಮಾಡಿ ಕೊಡ್ರಿ. ಹಲ್ಲು ಬೇಕಾಗಂಗಿಲ್ಲ, ನಾಲಿಗಿ ಮ್ಯಾಲೆ ಕರಗತೈತಿ."

"ಅದಕ್ಕ ತತ್ತಿ ಹಾಕ್ತಾರಲ್ಲ ಬೂಬಮ್ಮ?"

"ಹಾಕದ ಮಾಡಿದರೂ ಬರತೈತ್ರಿ. ಮೊಸರು ಹಾಕ್ರಿ, ಬೆಣ್ಣಿ ಹಾಕ್ರಿ."

ಮೊದಲು ನಾನೇ ಮಾಡಿ ನೋಡಿದೆ. ಕುಕ್ಕರಿನ ತಳಕ್ಕೆ ಹಳ್ಳದ ಮರಳು ಹಾಕಿ, ರಬ್ಬರು ತೆಗೆದು, ಸೀಟಿ ತೆಗೆದು, ನಡುವೆ ಡಬ್ಬಿ ಇಟ್ಟು ಗ್ಯಾಸಿನ ಮೇಲೆ ಒಂದು ತಾಸು ಕಾಯಿಸಿದೆ. ತಳ ಕರಿಕಲು, ಮೇಲೆ ಅಂಟು. ಕುಕ್ಕರೂ ಮಾಸಿತು. ನಮ್ಮನೆಯವರು ಕೇಕನ್ನು ತಿರುವಿ ಬೆರಳಿನಿಂದ ಬಡಿದು, "ಹಂಚಿನ ಕೆಲಸ ಚಲೋ ಮಾಡೀದಿ. ಮನಿ ಸೋರತೈತಿ, ಇನ್ನೊಂದು ಇಪ್ಪತ್ತು ಮಾಡು" ಅಂದರು.

ಬೂಬಮ್ಮ ನಕ್ಕು, "ನಮ್ಮ ಭಟ್ಟಿಗೆ ತಗೊಂಡು ಬರ್ರಿ" ಅಂದಳು. ಭಟ್ಟಿ ಅಂದರೆ ಆಕೆಯ ಗಂಡ ಹಳೇ ಡ್ರಮ್ಮಿನ ತಗಡು ಕತ್ತರಿಸಿ, ಬೆಸುಗೆ ಹಾಕಿ ಮಾಡಿಕೊಟ್ಟ ಪೆಟ್ಟಿಗೆ. ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ, ನಡುವೆ ತಟ್ಟೆ ಇಡುವ ಜಾಗ, ಎತ್ತುವುದಕ್ಕೆ ಎರಡು ಕಿವಿ.

ಮೊದಲ ಸಲ ಅವರ ಅಂಗಳದಲ್ಲಿ ಕೂತು ನಾನೇ ಎಲ್ಲ ಕಲಸಿದೆ. ಮೈದಾ, ಸಕ್ಕರೆ, ಮೊಸರು, ಬೆಣ್ಣೆ, ಚಿಟಿಕೆ ಅಡುಗೆ ಸೋಡ, ಏಲಕ್ಕಿ, ದಾಲ್ಚಿನ್ನಿ, ತುರಿದ ಸೇಬು ಎಲ್ಲ ನಮ್ಮ ಮನೆಯವೇ. ಬೋಗುಣಿ ನಮ್ಮದು, ಸೌಟು ನಮ್ಮದು, ಬೇಯಿಸುವ ತಟ್ಟೆ ಹೊಸದು, ಹಗರಿಬೊಮ್ಮನಹಳ್ಳಿಯಿಂದ ನಮ್ಮನೆಯವರು ತಂದಿದ್ದು. ಆಕೆ ಬಾಯಿಮಾತಿನಲ್ಲಿ ಹೇಳಿದಳು, ಬೆಂಕಿ ನೋಡಿಕೊಂಡಳು, ಅಷ್ಟೇ. ಎರಡು ಬೆರಳು ಎತ್ತರ ಬಂತು, ಸ್ವಲ್ಪ ಬಿಗಿ. ಅತ್ತೆ ಲಿಂಗಕ್ಕೆ ತೋರಿಸಿ ಅರ್ಧ ತುಂಡು ತಿಂದರು. "ತಿನ್ನಬಹುದು" ಅಂದರು. ಎರಡು ತಿಂಗಳಲ್ಲಿ ಅವರ ಬಾಯಿಂದ ಒಂದು ತಿನಿಸಿಗೆ ಬಂದ ಮೊದಲ ಒಳ್ಳೇ ಮಾತು. ನಾನು ದೇವರ ಕೋಣೆಗೆ ಹೋಗಿ ಇನ್ನೊಂದು ಬತ್ತಿ ಹಚ್ಚಿದೆ.

ಎರಡನೇ ಸಲ ನಾನು ಹೋಗಲಾಗಲಿಲ್ಲ. ಹರಪನಹಳ್ಳಿಗೆ ಕೊಟ್ಟ ನಾದಿನಿ, ಅಂದರೆ ನಮ್ಮನೆಯವರ ತಂಗಿ, ಬನ್ನಿ ಹಬ್ಬಕ್ಕೆ ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದಳು. ಹೋಳಿಗೆಯ ಹೂರಣ ರುಬ್ಬುತ್ತ ಕೂತ ನಾನು ಏಳುವ ಹಾಗಿರಲಿಲ್ಲ. ಸಾಮಾನೆಲ್ಲ ಅಳೆದು ಬೋಗುಣಿಯಲ್ಲಿಟ್ಟು ಗೋಡೆ ಮೇಲಿಂದ ಕೊಟ್ಟೆ. "ಇವತ್ತೊಂದಿನ ನೀನ ಮಾಡಿಬಿಡು ಬೂಬಮ್ಮ."

ಸಂಜೆ ಅದು ಕೇಕಾಗಿ ತಿರುಗಿ ಬಂದಾಗ ನಾನು ಸೆರಗಿನಿಂದ ಕೈ ಒರೆಸಿಕೊಂಡು ನಿಂತುಬಿಟ್ಟೆ. ನಾಲ್ಕು ಬೆರಳು ಎತ್ತರ! ಮೇಲೆ ಸೇಬಿನ ತೆಳು ಹೋಳು ಚಕ್ರದ ಹಾಗೆ ಜೋಡಿಸಿ, ಅವು ಬೆಂದು ಅಂಚು ಕೆಂಪಾಗಿದ್ದವು. ಒತ್ತಿದರೆ ಹತ್ತಿಯ ಹಾಗೆ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು. ಅತ್ತೆ ಒಂದು ತುಂಡು ತಿಂದರು. ಇನ್ನೊಂದು ಕೇಳಿ ತಿಂದರು. ತಟ್ಟೆ ತೊಳೆದು ನೀರು ಕುಡಿದು, "ಉಳಿದದ್ದು ನನಗ ನಾಳಿಗೆ ಇರಲಿ. ಈ ಮಂಗ್ಯಾಗಳ ಕೈಗೆ ಕೊಡಬ್ಯಾಡ" ಅಂತ ಮೊಮ್ಮಕ್ಕಳ ಕಡೆ ಕಣ್ಣು ಬಿಟ್ಟರು. ಕೇಳಿ ತಿಂದರು ಅನ್ನುವುದಕ್ಕೇ ನನ್ನ ಕಣ್ಣು ತುಂಬಿತು.

ಆ ತೃಪ್ತಿ ನನಗೆ ದಕ್ಕಿದ್ದು ಹೆಚ್ಚೆಂದರೆ ಕಾಲು ತಾಸು. ನಾದಿನಿ ಅಡುಗೆಮನೆಗೆ ಬಂದು ಬಾಗಿಲು ಅರ್ಧ ಮುಂದೆ ಮಾಡಿದಳು.

"ಅತ್ತಿಗಿ, ಅದನ್ನ ಮಾಡಿದ್ದು ನೀನಾ?"

"ಸಾಮಾನು ನಂದು. ಮಾಡಿದಾಕಿ ಬಾಜು ಮನಿ ಬೂಬಮ್ಮ."

"ನೀ ಮುಂದ ಕುಂತಿದ್ದೇನು?"

"ಇಲ್ಲಲ್ಲ, ಹೂರಣ ರುಬ್ಬಾಕತ್ತಿದ್ದೆ."

"ಅದಕ್ಕ ಮತ್ತ. ತತ್ತಿ ಇಲ್ಲದ ಹಂಗ ಉಬ್ಬತೈತೇನು? ನಮ್ಮೂರ ಬೇಕರಿಯವನ್ನ ನಾನ ಕೇಳೀನಿ. ತತ್ತಿ ಹಾಕದ ಮಾಡಿದ್ದು ರೊಟ್ಟಿಯಂಗ ಬರತೈತಿ ಅಂದ. ಅವ್ವ ಅದನ್ನ ಲಿಂಗಕ್ಕ ತೋರಿಸಿ ತಿಂದಾಳ ಅತ್ತಿಗಿ!"

"ಸುಮ್ನಿರು, ಆಕಿ ಹಂಗ ಮಾಡಾಕಿ ಅಲ್ಲ" ಅಂದೆ. ಅನ್ನುತ್ತಲೇ ನನ್ನೊಳಗೆ ಇನ್ನೊಂದು ಮಾತು ಏಳುತ್ತಿತ್ತು: ನಾನಿದ್ದಾಗ ಎರಡು ಬೆರಳು, ನಾನಿಲ್ಲದಾಗ ನಾಲ್ಕು. ಅದೇ ಮೈದಾ, ಅದೇ ಮೊಸರು, ಅದೇ ಭಟ್ಟಿ. ಹೆಚ್ಚಿಗೆ ಬಂದ ಎರಡು ಬೆರಳು ಎಲ್ಲಿಂದ ಬಂತು?

ಉಳಿದ ಕೇಕನ್ನು ಸದ್ದಿಲ್ಲದೆ ತೆಗೆದುಬಿಡೋಣ ಅಂತ ಅತ್ತೆಯ ಮಂಚದ ಹತ್ತಿರ ಹೋದೆ. ತಟ್ಟೆಗೆ ಕೈ ಹಾಕಿದ್ದೇ ತಡ, ಕಣ್ಣು ಮುಚ್ಚಿದ್ದವರು ಮಾತಾಡಿದರು.

"ಎಲ್ಲಿ ಒಯ್ತಿ ಅದನ್ನ?"

"ಇರುವಿ ಹತ್ತ್ಯಾವ ಅತ್ತಿ."

ಎದ್ದು ಕೂತು, ತಟ್ಟೆ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಎಲ್ಲಿ ಇರುವಿ? ಕಣ್ಣು ಮಂದ ಆಗ್ಯಾವ ಖರೆ, ಕುಲ್ಡಿ ಆಗಿಲ್ಲ ನಾನು." ಮರುದಿನ ಅದನ್ನೂ ಲಿಂಗಕ್ಕೆ ತೋರಿಸಿ ತಿಂದರು. ನಾನು ಕಂಬ ಹಿಡಿದು ನೋಡುತ್ತ ನಿಂತೆ.

ಅವತ್ತಿನಿಂದ ಬಾಜು ಮನೆಯ ಕಡೆ ನೋಡುವ ನನ್ನ ಕಣ್ಣೇ ಬೇರೆಯಾಯಿತು. ಅವರ ಮನೆಯಲ್ಲಿ ಮೂರು ಕೋಳಿ ಇದ್ದವು. ಹತ್ತು ವರ್ಷದಿಂದ ಇದ್ದವು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಈಗ ಯಾವುದು ಯಾವಾಗ ತತ್ತಿ ಇಟ್ಟು ಕೂಗುತ್ತದೆ ಅಂತ ಕಿವಿ ಅಲ್ಲೇ. ಕಟ್ಟಿಗೆ ತರುವ ನೆಪದಲ್ಲಿ ಗೋಡೆ ಬದಿ ಹೋಗಿ ಇಣುಕಿದೆ. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಒಡೆದ ಚೂರು ಬಿದ್ದಿದ್ದವು. ತತ್ತಿಯ ಸಿಪ್ಪೆ! ಎಷ್ಟು ತತ್ತಿಯವು ಇರಬಹುದು ಅಂತ ಕತ್ತು ಉದ್ದ ಮಾಡಿದಾಗ ಬೂಬಮ್ಮ ನೀರಿನ ಕೊಡ ಹೊತ್ತು ತನ್ನ ಅಂಗಳಕ್ಕೆ ಬಂದಳು.

"ಏನು ನೋಡಾಕತ್ತೀರಿ ಅಕ್ಕಾರ?"

"ಕರಿಬ್ಯಾವು ಭಾಳ ಚಿಗುರೈತಲ್ಲ ಅಂತ ನೋಡಿದೆ."

"ಬೇಕಾದಷ್ಟು ಹರಕೊಳ್ರಿ" ಅಂದಳು. ಕೊಡ ಇಳಿಸಿ, ನಾನು ನೋಡುತ್ತಿದ್ದ ಜಾಗವನ್ನು ಒಮ್ಮೆ ನೋಡಿ, ಏನೂ ಅನ್ನದೆ ಒಳಗೆ ಹೋದಳು. ಆ ಸುಮ್ಮನಿರುವಿಕೆಯನ್ನೂ ನಾನು ತಪ್ಪಿನ ಗುರುತು ಅಂತಲೇ ಓದಿಕೊಂಡೆ.

ಮನೆಗೆ ಬಂದು ಕೇಕಿನ ತಟ್ಟೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದೆ. ತಿಕ್ಕುವುದಕ್ಕೆ ಮೊದಲು ಮೂಸಿದೆ, ತಿಕ್ಕಿದ ಮೇಲೂ ಮೂಸಿದೆ. ದಾಲ್ಚಿನ್ನಿಯ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಆಕೆಯನ್ನು ನೇರ ಕೇಳಬಹುದಿತ್ತು. ಕೇಳಿದರೆ ಹತ್ತು ವರ್ಷದ ನೆರೆತನ ಒಂದೇ ಮಾತಿಗೆ ಹೋಗುತ್ತದೆ, ಮತ್ತೆ ಆಕೆ ಹೌದು ಅಂದುಬಿಟ್ಟರೆ ಅತ್ತೆಯ ಮುಖ ಹೇಗೆ ನೋಡಲಿ ಅನ್ನುವ ಭಯ. ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತರೂ ಕಣ್ಣ ಮುಂದೆ ಬರುತ್ತಿದ್ದುದು ಆ ಬಿಳೀ ಚೂರುಗಳು.

ಈ ಕಡೆ ಅತ್ತೆ ದಿನಾ ಕೇಳತೊಡಗಿದರು. "ಅದನ್ನ ಮತ್ತ ಯಾವಾಗ ಮಾಡಿಸ್ತಿ?"

"ಸೇಬು ಬಂದಿಲ್ಲ ಅತ್ತಿ."

"ಸಂತ್ಯಾಗ ರಾಶಿ ಬಿದ್ದಾವಂತ."

"ಇದ್ದಿಲು ಸಿಗವಲ್ದು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೆ ಮೂರು ಚಮಚ ಗಂಜಿಗೆ ಬಂದರು. ಐದನೇ ದಿನ ಅದೂ ಎರಡು ಚಮಚ ಆಯಿತು. ಅವರ ನೇಮ ಕಾಯಲು ಹೋಗಿ ಅವರ ಹೊಟ್ಟೆಗೆ ನಾನೇ ಕಲ್ಲು ಹಾಕುತ್ತಿದ್ದೇನೆ ಅನ್ನಿಸಿತು. ಇದನ್ನು ಹೀಗೇ ಬಿಡುವ ಹಾಗಿರಲಿಲ್ಲ.

ನಾದಿನಿ ಊರಿಗೆ ಹೋಗುವ ಮುಂಚೆ ಒಂದು ಉಪಾಯ ಹೇಳಿ ಹೋಗಿದ್ದಳು. ಅದನ್ನೇ ಮಾಡಿದೆ. ಗೋಡೆ ಹತ್ತಿರ ನಿಂತು, "ಬೂಬಮ್ಮ, ಈ ಸಲ ಭಟ್ಟಿ ನಮ್ಮ ಅಂಗಳಕ್ಕ ತರೋಣು" ಅಂದೆ.

"ಯಾಕ್ರಿ, ನಮ್ಮ ಅಂಗಳದಾಗ ಏನಾಗೈತಿ?"

"ಅತ್ತಿಗೆ ಬೇಯೋ ವಾಸನಿ ಬಂದರ ಹಸಿವು ಆಕ್ಕೈತಿ ಅಂತ."

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆತು" ಅಂದಳು.

ಭಟ್ಟಿಯ ಒಂದು ಕಿವಿ ಆಕೆ, ಇನ್ನೊಂದು ಕಿವಿ ನಾನು ಹಿಡಿದು ತಂದೆವು. "ಮದುವಿ ದಿಬ್ಬಣ ಹೊಂಟಂಗ ಐತಿ, ಮದುಮಗ ಮಾತ್ರ ಮಸಿ" ಅಂತ ಆಕೆ ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ. ಸಾಮಾನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆ. "ನೀನ ಕಲಸು. ನಿನ್ನ ಕೈಗುಣ ಚಲೋ ಐತಿ" ಅಂದು ಎದುರಿಗೆ ಮಣೆ ಹಾಕಿಕೊಂಡು ಕೂತೆ. ಆಕೆಯ ಕೈ ಎಲ್ಲಿ ಹೋದರೆ ನನ್ನ ಕಣ್ಣು ಅಲ್ಲಿ. ಒಳಗೆ ಹಾಲು ಉಕ್ಕಿ ಸುಡುವ ವಾಸನೆ ಬಂತು. ನಾನು ಏಳಲಿಲ್ಲ.

"ಅಕ್ಕಾರ, ಹಾಲು ಉಕ್ಕಿತು."

"ಉಕ್ಕಲಿ ಬಿಡು."

ಹಾಲು ಉಕ್ಕಿದರೆ ಏಳದ ಹೆಂಗಸು ಎಲ್ಲಿದ್ದಾಳೆ? ಆಗಲೇ ಆಕೆಗೆ ಪೂರ್ತಿ ತಿಳಿದಿರಬೇಕು. ಹಿಟ್ಟು ಕಲಸುತ್ತಿದ್ದ ಕೈ ಒಂದು ಕ್ಷಣ ನಿಂತು ಮತ್ತೆ ನಡೆಯಿತು. ಎಲ್ಲ ಕೂಡಿಸಿದ ಮೇಲೆ ಓಣಿಯ ಕಡೆ ಎರಡು ಸಲ ನೋಡಿ, "ಒಂದ್ನಿಮಿಷ ಮನಿಗೆ ಹೋಗಿ ಬರ್ಲೇನ್ರಿ?" ಅಂದಳು.

"ಏನು ಬೇಕಿತ್ತು? ಹೇಳು, ನಾ ತಂದುಕೊಡ್ತೀನಿ."

"ಏನಿಲ್ಲ ಬಿಡ್ರಿ" ಅಂದು ತಟ್ಟೆಗೆ ಸುರಿದು ಭಟ್ಟಿಯೊಳಗೆ ಇಟ್ಟಳು.

ಮುಚ್ಚಳ ತೆಗೆದಾಗ ಕೇಕು ಎರಡು ಬೆರಳೂ ಇರಲಿಲ್ಲ. ನಡುವೆ ಕುಸಿದು, ಸೇಬಿನ ಹೋಳು ಕೆಸರಿನಲ್ಲಿ ಕೂತ ಹಾಗೆ ಕೂತಿದ್ದವು. ಇಬ್ಬರೂ ಅದನ್ನೇ ನೋಡಿದೆವು. "ಕೆಂಡ ಆರಿದಮ್ಯಾಲೆ ಭಟ್ಟಿ ಒಯ್ತೀನಿ" ಅಂದು ಆಕೆ ತಲೆ ತಗ್ಗಿಸಿ ಹೊರಟಳು.

ನೋಡುವವರು ಇದ್ದರೆ ಉಬ್ಬುವುದಿಲ್ಲ, ಇಲ್ಲದಿದ್ದರೆ ಉಬ್ಬುತ್ತದೆ. ಇನ್ನೇನು ಸಾಕ್ಷಿ ಬೇಕು? ಅತ್ತೆಯ ಅರವತ್ತೆಂಟು ವರ್ಷದ ನೇಮವನ್ನು, ಲಿಂಗದ ಮುಂದೆ, ನನ್ನ ಕೈಯಾರೆ ಮುರಿಸಿದ್ದೆ. ಮುಚ್ಚಿಡಬಹುದಿತ್ತು. ಆದರೆ ಅವರು ತಪ್ಪು ತಿಳಿಯದೇ ದಿನಾ ಆ ಲಿಂಗವನ್ನು ಅಂಗೈಯಲ್ಲಿ ಹಿಡಿಯುವುದನ್ನು ನೋಡುತ್ತ ನಾನು ಬಾಳುವುದು ಹೇಗೆ? ಸಂಜೆ ಪೂಜೆ ಮುಗಿಯುವವರೆಗೆ ಬಾಗಿಲಲ್ಲಿ ನಿಂತು, ಮುಗಿದ ಮೇಲೆ ಒಳಗೆ ಹೋಗಿ ಕಾಲು ಮುಟ್ಟಿದೆ. ಇರುವೆಯ ಸುಳ್ಳಿನಿಂದ ಹಿಡಿದು ಕುಸಿದ ಕೇಕಿನವರೆಗೆ ಎಲ್ಲ ಹೇಳಿದೆ.

ಅತ್ತೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡರು.

"ನೀ ಕಣ್ಣಾರೆ ಕಂಡೀಯೇನು, ಆಕಿ ತತ್ತಿ ಹಾಕಿದ್ದು?"

"ಇಲ್ಲ ಅತ್ತಿ."

"ಕೇಳೀಯೇನು ಆಕಿನ್ನ?"

"ಇಲ್ಲ."

"ಕಂಡಿಲ್ಲ, ಕೇಳಿಲ್ಲ. ಹತ್ತು ದಿನ ಮೂಸಿಕೋಂತ ತಿರುಗೀದಿ. ಕರಿ ಆಕಿನ್ನ."

ಬೂಬಮ್ಮ ಬಂದು ಹೊಸ್ತಿಲ ಹೊರಗೆ ನಿಂತಳು. ಅತ್ತೆ ಸುತ್ತು ಬಳಸಲಿಲ್ಲ. "ಬನ್ನಿ ಹಬ್ಬದ ದಿನ ಮಾಡಿದ್ದಕ್ಕ ತತ್ತಿ ಹಾಕಿದ್ದೇನವ್ವ? ಹಾಕಿದ್ದರ ಹಾಕೀನಿ ಅನ್ನು. ನನ್ನ ದೇವರ ಮುಂದ ನಾ ಏನು ಮಾಡಬೇಕೋ ಮಾಡ್ಕೋತೀನಿ. ನಿನ್ನ ಬೈಯಂಗಿಲ್ಲ."

"ಅಲ್ಲಾನ ಆಣಿ ಅವ್ವಾರ, ಹಾಕಿಲ್ಲ." ಅಂದು ನನ್ನ ಕಡೆ ತಿರುಗಿದಳು. "ಕರಿಬ್ಯಾವಿನ ಗಿಡದ ಬುಡಕ ಇದ್ದದ್ದು ನಾವು ತಿಂದದ್ದು ಅಕ್ಕಾರ. ನಮ್ಮ ಮನ್ಯಾಗ ತತ್ತಿ ತಿಂತೀವಿ, ಅದನ್ನ ಮುಚ್ಚಿಟ್ಟಿಲ್ಲ. ನಿಮ್ಮ ತಟ್ಟಿಗೆ ಯಾಕ ಹಾಕ್ಲಿ?"

"ಮತ್ತ ಅವತ್ತು ಹೆಂಗ ಉಬ್ಬಿತು? ಇವತ್ತ್ಯಾಕ ಉಬ್ಬಲಿಲ್ಲ?" ನಾನು ಕೇಳಿದೆ. ಬಾಯಿಗೆ ಬಂದಾಗಿತ್ತು, ನುಂಗಲಾಗಲಿಲ್ಲ.

ಬೂಬಮ್ಮ ಸೆರಗಿನ ಅಂಚು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಗೋಲಿ ಸೋಡಾ ಹಾಕಿದ್ದೆ ಅವ್ವಾರ. ಮೂಲಿ ಅಂಗಡಿಯಾಗ ಮಾರ್ತಾರಲ್ರಿ, ಅದು. ಕಟ್ಟಕಡೀಗೆ ಹಿಟ್ಟಿಗೆ ಅರ್ಧ ಬಾಟ್ಲಿ ಸುರುವಿ ಲಗೂನ ಭಟ್ಟಿಗೆ ಇಟ್ಟರ ನೊರಿ ಹಿಡದು ಉಬ್ಬತೈತಿ. ನಮ್ಮಪ್ಪ ಕಲಿಸಿದ್ದು."

"ಅದನ್ನ ಹೇಳಾಕೇನಾಗಿತ್ತು?"

"ಹೆಂಗ ಹೇಳ್ಲಿ? ಊರ ಮಂದೆಲ್ಲ ಬಾಯಿಗೆ ಹಚ್ಚಿ ಕುಡಿಯೋ ಬಾಟ್ಲಿ. ತೊಳದು ಮತ್ತ ಅದನ್ನ ತುಂಬ್ತಾರ. ಅವ್ವಾರ ನೇಮ ನನಗ ಗೊತ್ತಿಲ್ಲೇನ್ರಿ? ಎಂಜಲು ಅಂತ ಬ್ಯಾಡ ಅಂತಿದ್ರಿ. ಅವ್ವಾರು ಎರಡು ತುತ್ತು ತಿನ್ನಲಿ ಅಂತ ಸುಮ್ನ ಹಾಕಿದೆ. ಇವತ್ತೂ ತರಾಕ ಹೊಂಟಿದ್ದೆ, ನೀವು ಬಿಡಲಿಲ್ಲ."

ಇಷ್ಟಾದರೂ ನನ್ನ ಮನಸ್ಸಿನ ಒಂದು ಮೂಲೆ, ಬರೀ ಸೋಡಾಕ್ಕೆ ನಾಲ್ಕು ಬೆರಳು ಉಬ್ಬುತ್ತದೆಯೇ ಅಂತ ಕೇಳುತ್ತಲೇ ಇತ್ತು. ಜೊತೆಗೆ ಹೊಸ ಭಯ ಒಂದು ಸೇರಿಕೊಂಡಿತು. ತತ್ತಿ ಇಲ್ಲದಿದ್ದರೆ ಎಂಜಲು. ನೇಮ ಹೇಗೂ ಕೆಟ್ಟ ಹಾಗೆಯೇ ಅಲ್ಲವೇ? ಅತ್ತೆಯ ಮುಖ ನೋಡಿದೆ.

ಅತ್ತೆ ಬೂಬಮ್ಮನಿಗೆ ಅಂದರು: "ಹೇಳದ ಹಾಕಿದ್ದು ತಪ್ಪವ್ವ."

"ಹೌದ್ರಿ ಅವ್ವಾರ."

"ತತ್ತಿ ಹಾಕಿದ್ದರ ನಾ ಎಂಟು ದಿನ ಉಪಾಸ ಬೀಳ್ತಿದ್ದೆ. ಹಾಕಿಲ್ಲ ಅಂತಿ. ನಂಬಿದೆ." ಆಮೇಲೆ ನನ್ನ ಕಡೆ ತಿರುಗಿದರು. "ಲಿಂಗ ಕಟ್ಟಿದವರಿಗೆ ಐದು ಸೂತಕ ಇಲ್ಲ ಅಂತ ಗುರುಗಳು ನನಗೂ ಹೇಳಿಕೊಟ್ಟಾರ, ನಿನಗೂ ಹೇಳಿಕೊಟ್ಟಾರ. ಹೇಳು ನೋಡೋಣು, ಯಾವ್ಯಾವು?"

ಮೂವತ್ತೆಂಟು ವರ್ಷದ ನಾನು ಶಾಲೆಯ ಹುಡುಗಿಯ ಹಾಗೆ ನಿಂತು ಹೇಳಿದೆ. ಹುಟ್ಟಿದ ಸೂತಕ, ಸತ್ತ ಸೂತಕ, ಮುಟ್ಟಿನ ಸೂತಕ, ಎಂಜಲ ಸೂತಕ. ಐದನೆಯದು ಬಾಯಿಗೆ ಬರಲಿಲ್ಲ. ಬಂದಿತ್ತು, ಹೊಸ್ತಿಲ ಆಚೆ ಆಕೆ ನಿಂತಿದ್ದಳಲ್ಲ, ಹೇಳಲಾಗಲಿಲ್ಲ.

"ಜಾತಿ ಸೂತಕ" ಅಂತ ಅತ್ತೆಯೇ ಮುಗಿಸಿದರು. "ಎಂಜಲ ಇಲ್ಲ ಅಂದಮ್ಯಾಲೆ ಆ ಬಾಟ್ಲಿ ನನ್ನ ಏನು ಮಾಡೀತು? ಒಳಗ ಬಾರವ್ವ, ಹೊಸ್ತಿಲದಾಗ ನಿಂತು ಮಾತಾಡಬ್ಯಾಡ. ನಾಳೆ ಮತ್ತ ಮಾಡ್ರಿ. ಸೋಡಾ ಹಾಕೇ ಮಾಡ್ರಿ. ನನಗ ಹಸಿವಾಗೈತಿ."

ಹಸಿವು ಅನ್ನುವ ಮಾತು ಕೇಳಿ ನಾನು ಶಿವನಿಗೆ ಕೈ ಮುಗಿದೆ. ಬೂಬಮ್ಮ ಒಳಗೆ ಬಂದಳು, ಅತ್ತೆಯ ಮಂಚದ ಹತ್ತಿರ ಕೂತು ಕಾಲು ಒತ್ತಿದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಹೋಗುವಾಗ ಅಂಗಳದಲ್ಲಿ ನಾನು, "ತಪ್ಪಾತು ಬೂಬಮ್ಮ" ಅಂದೆ.

"ಇರಲಿ ಬಿಡ್ರಿ ಅಕ್ಕಾರ. ಭಟ್ಟಿ ಹಿಡೀರಿ" ಅಂದಳು. ಎರಡು ಕಿವಿ ಹಿಡಿದು ವಾಪಸು ಒಯ್ದೆವು.

ಮರುದಿನ ಅವರ ಅಂಗಳಕ್ಕೆ ಸಾಮಾನು ತೆಗೆದುಕೊಂಡು ಹೋದೆ. ಸೋಡಾ ಬಾಟಲಿಯನ್ನೂ ನಾನೇ ಮೂಲೆ ಅಂಗಡಿಯಿಂದ ತಂದಿದ್ದೆ. ಬೋಗುಣಿ ಆಕೆಯ ಮುಂದೆ ಇಟ್ಟೆ. ಆಕೆ ಅದನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು.

"ಇನ್ನಮ್ಯಾಲೆ ನಿಮ್ಮ ಹಿಟ್ಟು ನಾ ಕಲಸಂಗಿಲ್ರಿ. ನೀವ ಕಲಸ್ರಿ. ಬೆಂಕಿ ಮಾತ್ರ ನಾ ನೋಡ್ಕೋತೀನಿ."

ಸಿಟ್ಟಿನಿಂದ ಅಂದ ಮಾತಲ್ಲ ಅದು. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ನಾನೇ ಕಲಸಿದೆ, ಸೇಬು ತುರಿದು ಹಾಕಿದೆ, ಗೋಲಿ ಒತ್ತಿ ಸೋಡಾ ಸುರಿದೆ. ಬುಸ್ ಅಂತ ನೊರೆ ಎದ್ದಿತು, ನನ್ನ ಕಣ್ಣಿನ ಮುಂದೆಯೇ ಹಿಟ್ಟು ಉಸಿರಾಡಿದ ಹಾಗೆ ಮೇಲೆ ಬಂತು. ಕೇಕು ಮೂರು ಬೆರಳು ಬಂತು. ಒಂದು ತತ್ತಿಯೂ ಇಲ್ಲದೆ, ನನ್ನ ಕೈಯಲ್ಲೇ. ಇದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ, ಸಾಕ್ಷಿ ಕೇಳಿದ್ದೂ ನಾನೇ.

ಅತ್ತೆ ಲಿಂಗಕ್ಕೆ ತೋರಿಸಿ ತಿಂದರು. ಇನ್ನೊಂದು ತುಂಡು ಕೇಳಿದರು. ದೀಪಾವಳಿ ದಾಟಿ ಗಾಡಿಗಳಲ್ಲಿ ಸೇಬು ಮುಗಿಯುವವರೆಗೂ ವಾರಕ್ಕೊಂದು ಸಲ ಭಟ್ಟಿ ಹಚ್ಚಿದೆವು, ಕಾರ್ತಿಕದ ಹೊತ್ತಿಗೆ ಅವರು ರೊಟ್ಟಿ ನೆನೆಸಿ ತಿನ್ನುವಷ್ಟಾದರು. ಅಷ್ಟು ಕೊಟ್ಟ ದೇವರಿಗೆ ಇನ್ನೂ ಕೊಡು ಅಂತ ನಾನು ಕೇಳಬಾರದು.

ಆದರೆ ನಾಲ್ಕನೇ ಬೆರಳು ನನಗೆ ಬರಲೇ ಇಲ್ಲ. ಸೋಡಾ ಹೆಚ್ಚು ಹಾಕಿದೆ, ಕಡಿಮೆ ಹಾಕಿದೆ, ಬೇಗ ಇಟ್ಟೆ. ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ: "ಬೂಬಮ್ಮ, ಹಿಟ್ಟು ಇಷ್ಟು ತೆಳ್ಳಗಿದ್ದರ ಸಾಕೇನು, ನೋಡು ಬಾ."

ಆಕೆ ಭಟ್ಟಿಯ ಮುಂದೆ ಕೂತು ಕೆಂಡ ಕೆದರುತ್ತಿದ್ದಳು. ಬೋಗುಣಿಗೆ ಬೆನ್ನು ಮಾಡಿಯೇ ಕೂತಿರುತ್ತಿದ್ದಳು ಈಗೀಗ, ಬೇಕಂತಲೇ.

"ನೀವ ನೋಡ್ಕೊಳ್ರಿ ಅಕ್ಕಾರ" ಅಂದಳು. ತಿರುಗಲಿಲ್ಲ.